ಬೆಳಗಿನ ರಂಪ ತಪ್ಪಬೇಕಾ? ಹಿಂದಿನ ರಾತ್ರಿಯಿಂದ ಶುರು ಮಾಡಿ

ಬೆಳಿಗ್ಗೆ ಏಳೂಕಾಲಿಗೆ ನಮ್ಮ ಬೀದೀಲಿ ಸ್ಕೂಲ್ ವ್ಯಾನ್ ಹಾರ್ನ್ ಹೊಡೆದ್ರೆ ಸಾಕು, ನಾಲ್ಕು ಮನೆಯಿಂದ ಒಂದೇ ಡೈಲಾಗು ಕೇಳುತ್ತೆ, "ಇನ್ನೊಂದು ಸಾಕ್ಸ್ ಎಲ್ಲೋ?" ಮಗು ಅರ್ಧ ನಿದ್ದೇಲಿ, ಅಮ್ಮನ ಒಂದು ಕೈಲಿ ಬಾಚಣಿಗೆ ಇನ್ನೊಂದು ಕೈಲಿ ದೋಸೆ ತುಂಡು, ಅಪ್ಪ ಬ್ಯಾಗಿನ ಜಿಪ್ ಎಳೀತಾ ಗೇಟಿನ ಹತ್ರ ಓಡ್ತಿರ್ತಾರೆ. ನಾನು ಇಪ್ಪತ್ತೆರಡು ವರ್ಷ ಸರ್ಕಾರಿ ಶಾಲೇಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡಿದೋಳು. ಗಡಿಬಿಡೀಲಿ ಹೊರಟು ಬಂದ ಮಗು ಕ್ಲಾಸಲ್ಲಿ ಹೇಗಿರುತ್ತೆ ಅಂತ ಚೆನ್ನಾಗಿ ಗೊತ್ತು. ಮೊದಲನೇ ಪೀರಿಯಡ್ಡಲ್ಲೇ ಆಕಳಿಕೆ, ಹನ್ನೊಂದಕ್ಕೆಲ್ಲ "ಮಿಸ್, ಹೊಟ್ಟೆ ನೋವು".

ತಮಾಷೆ ಅಂದ್ರೆ ಇದೇ ಮಕ್ಕಳು ಶಾಲೇಲಿ ಎಷ್ಟು ಅಚ್ಚುಕಟ್ಟು ಗೊತ್ತಾ. ನಲಿ-ಕಲಿ ಕ್ಲಾಸ್ ನೋಡಿದವರಿಗೆ ಗೊತ್ತಿರುತ್ತೆ, 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾದ ಪದ್ಧತಿ ಅದು, ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕೂತಿರ್ತಾರೆ, ಆರು ವರ್ಷದ ಮಗು ಒಳಗೆ ಬಂದು ಗೋಡೆ ಮೇಲಿನ ಕಲಿಕಾ ಏಣಿ ನೋಡಿ, ಚಿತ್ರ ಗುರುತು ಹಿಡಿದು ತನ್ನ ಕಾರ್ಡ್ ತಾನೇ ತಗೊಂಡು ಹೋಗಿ ತನ್ನ ಗುಂಪಲ್ಲಿ ಕೂರುತ್ತೆ. ಯಾರೂ ಕಿರುಚಲ್ಲ. ದಿನಾ ಅದೇ ಸಾಲು, ಅದಾದ ಮೇಲೆ ಏನು ಅಂತ ಮಗೂಗೆ ಗೊತ್ತು, ಅಷ್ಟೇ. ಮನೇಲಿ ಮಾತ್ರ ಒಂದಿನ ಎಂಟಕ್ಕೆ ಊಟ, ಒಂದಿನ ಹತ್ತಕ್ಕೆ, ಆಮೇಲೆ ನಾವೇ "ಇವನಿಗೆ ಶಿಸ್ತೇ ಇಲ್ಲ" ಅಂತ ಬಯ್ಯೋದು.

ಹೆಜ್ಜೆ 1: ಏಳೋ ಟೈಮ್ ಫಿಕ್ಸ್ ಮಾಡಿ, ಮಲಗೋ ಟೈಮ್ ಅಲ್ಲ

ಎಲ್ಲರೂ ಎಡವೋದು ಇಲ್ಲೇ. ಜೂನ್ ಒಂದಕ್ಕೆ ಇದ್ದಕ್ಕಿದ್ದಂಗೆ "ಇವತ್ತಿಂದ ಒಂಬತ್ತಕ್ಕೆ ಮಲಗಬೇಕು" ಅಂತ ಆರ್ಡರ್ ಹೊರಡಿಸ್ತಾರೆ, ಬೇಸಿಗೆ ರಜೆ ಪೂರ್ತಿ ಹನ್ನೊಂದಕ್ಕೆ ಮಲಗಿದ ಮಗು ಒಂಬತ್ತಕ್ಕೆ ಹೇಗೆ ನಿದ್ದೆ ಮಾಡುತ್ತೆ? ನಿದ್ದೆ ಬರಿಸೋಕೆ ಯಾರ ಕೈಲೂ ಆಗಲ್ಲ, ಎಬ್ಬಿಸೋಕೆ ಆಗುತ್ತೆ. ಆರೂಕಾಲು ಅಂದ್ರೆ ಆರೂಕಾಲು, ಎದ್ದ ತಕ್ಷಣ ಕಿಟಕಿ ಕರ್ಟನ್ ಸರಿಸಿ, ಬೆಳಕು ಮುಖಕ್ಕೆ ಬೀಳಲಿ. ಕಾರ್ಟೂನ್ ಅಲಾರ್ಮ್ ಗಡಿಯಾರ ಬೇಡ, ಮೂರನೇ ದಿನಕ್ಕೆ ಅದು ಆಟದ ಸಾಮಾನಾಗಿ ಬ್ಯಾಟರಿ ಬಿಚ್ಚಿಕೊಂಡು ಬಿದ್ದಿರುತ್ತೆ.

ಹೆಜ್ಜೆ 2: ರಾತ್ರಿ

ಮೊದಲು ಲೆಕ್ಕ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತಾರೆ ನಿದ್ದೆ ತಜ್ಞರು. ಹತ್ತೂವರೆಗೆ ಮಲಗಿ ಆರೂಕಾಲಿಗೆ ಎದ್ರೆ ಎಂಟು ಗಂಟೆಯೂ ಆಗಲ್ಲ. ಆದ್ರಿಂದ ಒಂಬತ್ತಕ್ಕೆ ಬರಬೇಕು, ಆದ್ರೆ ಒಂದೇ ದಿನಕ್ಕಲ್ಲ. ಮೂರು ದಿನಕ್ಕೊಂದು ಸಲ ಹದಿನೈದು ನಿಮಿಷ ಹಿಂದಕ್ಕೆ ತನ್ನಿ: ಮೂರು ದಿನ ಹತ್ತೂಕಾಲು, ಮೂರು ದಿನ ಹತ್ತು, ಹೀಗೆ. ಹದಿನೆಂಟು ದಿನ ಹಿಡಿಯುತ್ತೆ. ಸ್ಕೂಲ್ ಶುರುವಾಗೋಕೆ ಮುಂಚೆಯೇ ಶುರು ಮಾಡಿದ್ರೆ ಒಳ್ಳೇದು, ಮಾಡಿಲ್ಲ ಅಂದ್ರೆ ಇವತ್ತೇ ಮಾಡಿ.

ಆಮೇಲೆ ಸಾಯಂಕಾಲದ ನಿದ್ದೆ. ಸ್ಕೂಲಿಂದ ಸುಸ್ತಾಗಿ ಬಂದು ಸೋಫಾ ಮೇಲೆ ಬಿದ್ದ ಮಗೂನ "ಪಾಪ" ಅಂತ ಆರೂವರೆ ತನಕ ಮಲಗಿಸ್ತೀರಲ್ಲ, ಆ ಪಾಪದ ಫಲ ರಾತ್ರಿ ಹನ್ನೊಂದಕ್ಕೆ ಗೊತ್ತಾಗುತ್ತೆ, ಮಂಚದ ಮೇಲೆ ಕುಣೀತಿರುತ್ತೆ. ಅರ್ಧ ಗಂಟೆ ಸಾಕು, ಐದಕ್ಕೆ ಎಬ್ಬಿಸಿ ಬೀದಿಗೆ ಆಟಕ್ಕೆ ಕಳಿಸಿ.

ಊಟ ಏಳೂವರೆಗೆ ಮುಗೀಲಿ. ಎಂಟಕ್ಕೆ ಟಿವಿ ಬಂದ್, ಮೊಬೈಲ್ ಬಂದ್, ಟ್ಯೂಬ್‌ಲೈಟ್ ಆರಿಸಿ ಹಳದಿ ಚಿಕ್ಕ ಬಲ್ಬ್ ಹಾಕಿ. ರಾತ್ರಿ ಜೋರು ಬೆಳಕು ಕಣ್ಣಿಗೆ ಬಿದ್ರೆ ಮೆದುಳಲ್ಲಿ ನಿದ್ದೆ ತರಿಸೋ ಮೆಲಟೋನಿನ್ ಬಿಡುಗಡೆ ತಡ ಆಗುತ್ತೆ, ಇನ್ನೂ ಹಗಲೇ ಅಂದ್ಕೊಳ್ಳುತ್ತೆ ಅದು. ಈಗ ಅದೇ ಮೆಲಟೋನಿನ್ನನ್ನ ಚಾಕಲೇಟ್ ಥರ ಗಮ್ಮಿ ಮಾಡಿ ಆನ್‌ಲೈನಲ್ಲಿ ಮಾರ್ತಾರೆ, ಡಾಕ್ಟರ್ ಹೇಳದೆ ದಯವಿಟ್ಟು ಮಕ್ಕಳ ಬಾಯಿಗೆ ಹಾಕಬೇಡಿ.

ಕಷ್ಟ ಇರೋದು ಮಗೂಗಲ್ಲ, ದೊಡ್ಡೋರಿಗೆ. ಅಜ್ಜಿಯ ಸೀರಿಯಲ್ ಎಂಟಕ್ಕೇ ಶುರು. ನಮ್ಮನೇಲಿ ಅತ್ತೆ ಹತ್ರ ನೇರವಾಗಿ ಹೇಳಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡ್ರು, ಆಮೇಲೆ ನಾನು ದಾರಿ ಬದಲಾಯಿಸಿ "ಅತ್ತೆ, ನೀವು ಕಥೆ ಹೇಳಿದ್ರೆ ಮಾತ್ರ ಮಲಗ್ತಾನಂತೆ" ಅಂದೆ. ಸೀರಿಯಲ್ಲು ತಾನಾಗೇ ಮಾರನೇ ದಿನದ ರಿಪೀಟಿಗೆ ಹೋಯ್ತು. ಇನ್ನು ಅಪ್ಪಂದಿರು, ಎಂಟೂಮುಕ್ಕಾಲಿಗೆ ಬಂದು ಮಗೂನ ಎತ್ತಿ ಎಸೆದು ಆಟ ಆಡಿಸಿ ನಿದ್ದೆ ಹಾರಿಸೋರು. ಸ್ವಾಮಿ, ಪ್ರೀತಿ ಅರ್ಥ ಆಗುತ್ತೆ, ಆದ್ರೆ ಕೈಕಾಲು ತೊಳ್ಕೊಂಡು ಪಕ್ಕದಲ್ಲಿ ಮಲಗಿ ಮಾತಾಡಿಸಿ, ಇನ್ನೂ ತಡ ಆಗುತ್ತೆ ಅಂದ್ರೆ ಬೆಳಗಿನ ತಿಂಡಿ ನಿಮ್ಮ ಜೊತೆ ಆಗಲಿ.

ಕೊನೆಯ ಅರ್ಧ ಗಂಟೆ ದಿನಾ ಒಂದೇ ಸಾಲು: ಬ್ಯಾಗು, ಹಲ್ಲು, ಒಂದಕ್ಕೆ, ಕಥೆ, ದೀಪ. ಬಿಳೀ ಹಾಳೇಲಿ ಮಗೂ ಕೈಲೇ ಐದು ಚಿತ್ರ ಬರೆಸಿ ಗೋಡೆಗೆ ಅಂಟಿಸಿ, ನಲಿ-ಕಲಿ ಏಣಿ ಥರ. ಬ್ರಶ್ ವಕ್ರ ಬರೆದ್ರೂ ಪರವಾಗಿಲ್ಲ. ಆನ್‌ಲೈನಲ್ಲಿ ಸಿಗೋ ಮ್ಯಾಗ್ನೆಟ್ ಚಾರ್ಟು, ಸ್ಟಾರ್ ಸ್ಟಿಕರ್ರು ದಂಡ, ಎರಡನೇ ವಾರ ಮಗು "ಇವತ್ತು ಹಲ್ಲುಜ್ಜಿದ್ರೆ ಏನು ಕೊಡ್ತೀಯಾ" ಅಂತ ವ್ಯಾಪಾರಕ್ಕೆ ಕೂರುತ್ತೆ. "ಹಲ್ಲುಜ್ಜು ಹಲ್ಲುಜ್ಜು" ಅಂತ ಹತ್ತು ಸಲ ಅನ್ನಬೇಡಿ, "ಈಗ ಯಾವ ಚಿತ್ರ?" ಅಂತ ಕೇಳಿ, ಸುಮ್ಮನಾಗಿ. ದೀಪ ಆರಿದ ಮೇಲೆ ನೀರು ಬೇಕು, ಮತ್ತೆ ಒಂದಕ್ಕೆ, ಡೈನೋಸಾರ್ ಏನು ತಿನ್ನುತ್ತೆ, ಎಲ್ಲ ಬರುತ್ತೆ. ಒಂದು ಸಲ ಉತ್ತರ ಕೊಡಿ. ಎರಡನೇದಕ್ಕೆ "ಬೆಳಿಗ್ಗೆ ಹೇಳ್ತೀನಿ". ಮೊದಲ ವಾರ ಅಳುತ್ತೆ, ನಾಲ್ಕನೇ ದಿನ ನೀವು ಸೋತು ಮೊಬೈಲ್ ಕೊಟ್ರೆ ಮತ್ತೆ ಒಂದರಿಂದ ಎಣಿಸಬೇಕು.

ಹೆಜ್ಜೆ 3: ಬ್ಯಾಗು ರಾತ್ರೀನೇ, ಮಗೂ ಕೈಲೇ

ಟೈಮ್‌ಟೇಬಲ್ ನೋಡಿ ನಾಳೆಯದು ಮಾತ್ರ ಹಾಕಲಿ. ಎಲ್ಲಾ ಪುಸ್ತಕ ತುಂಬಿಬಿಟ್ರೆ ತಲೆನೋವಿಲ್ಲ ಅನ್ನೋದು ಶಾರ್ಟ್‌ಕಟ್, ಆಮೇಲೆ ಬೆನ್ನು ನೋವು. 2019ರಲ್ಲಿ ನಮ್ಮ ಸರ್ಕಾರವೇ ಒಂದು-ಎರಡನೇ ಕ್ಲಾಸಿಗೆ ಬ್ಯಾಗು 2 ಕೆಜಿ, ಮೂರರಿಂದ ಐದಕ್ಕೆ 3 ಕೆಜಿ ದಾಟಬಾರದು ಅಂತ ಹೇಳಿದೆ, ಒಂದ್ಸಲ ತಕ್ಕಡೀಲಿಟ್ಟು ನೋಡಿ, ಗಾಬರಿ ಆಗ್ತೀರ. ಡೈರಿ ಆರು ಗಂಟೆಗೇ ನೋಡಿಬಿಡಿ, ಇಲ್ಲಾಂದ್ರೆ ರಾತ್ರಿ ಹತ್ತಕ್ಕೆ "ಅಮ್ಮಾ, ನಾಳೆ ಚಾರ್ಟ್ ಪೇಪರ್ ಬೇಕಂತೆ". ಯೂನಿಫಾರ್ಮು, ಸಾಕ್ಸು, ರಿಬ್ಬನ್ನು ಒಂದೇ ಕುರ್ಚಿ ಮೇಲೆ. ಯೂನಿಫಾರ್ಮ್ ಹಾಕಿಸಿಯೇ ಮಲಗಿಸೋರನ್ನೂ ನೋಡಿದೀನಿ, ನಗಬೇಡಿ, ಇದಾರೆ.

ಹೆಜ್ಜೆ 4: ಎರಡಕ್ಕೆ ಹೋಗೋಕೆ ಟೈಮ್ ಕೊಡಿ

ಇದನ್ನ ಯಾರೂ ಬರೆಯಲ್ಲ, ಹನ್ನೊಂದು ಗಂಟೆಯ ಹೊಟ್ಟೆ ನೋವಲ್ಲಿ ಎಷ್ಟೋ ಇದೇ. ಸ್ಕೂಲ್ ಟಾಯ್ಲೆಟ್ ಗಲೀಜು ಅಂತ ಮಕ್ಕಳು ತಡ್ಕೊಂಡು ಕೂರ್ತಾರೆ, ತಡೆದೂ ತಡೆದೂ ಮಲ ಗಟ್ಟಿ ಆಗುತ್ತೆ, ಹೋಗೋಕೆ ನೋವು, ನೋವಿಗೆ ಹೆದರಿ ಮತ್ತೆ ತಡೆಯೋದು. ಹೊಟ್ಟೆಗೆ ಏನಾದ್ರೂ ಬಿದ್ರೆ ಕರುಳು ತಾನಾಗೇ ಚುರುಕಾಗುತ್ತೆ, ಅದಕ್ಕೇ ತಿಂಡಿ ಆದ ಹತ್ತು ಹದಿನೈದು ನಿಮಿಷಕ್ಕೆ ಕೂರಿಸಿ, ವೆಸ್ಟರ್ನ್ ಕಮೋಡ್ ಆದ್ರೆ ಕಾಲ ಕೆಳಗೆ ಚಿಕ್ಕ ಸ್ಟೂಲ್ ಇಡಿ. ಬಂದ್ರೂ ಬರದಿದ್ರೂ ಐದು ನಿಮಿಷ ಕೂರಲಿ, ಬಯ್ಯಬೇಡಿ, ಮೊಬೈಲಂತೂ ಬೇಡವೇ ಬೇಡ. ಹಾಲಿಗೆ ಪೌಡರ್ ಹಾಕೋ ಬದಲು ರಾತ್ರಿ ಊಟಕ್ಕೆ ಸೊಪ್ಪಿನ ಸಾರು, ಒಂದು ಪಚ್ಚಬಾಳೆ ಕೊಡಿ. ಆ ಪೌಡರ್ ಡಬ್ಬದ ಹಿಂದಿನ ಚಿಕ್ಕ ಅಕ್ಷರ ಓದಿ, ಸಕ್ಕರೆ ಎಷ್ಟಿದೆ ಅಂತ ನೀವೇ ನೋಡಿ.

ಹೆಜ್ಜೆ 5: ತಿಂಡಿ ಕೂತು ತಿನ್ನಲಿ, ಶೂ ತಾನೇ ಹಾಕ್ಕೊಳ್ಳಲಿ. ಅಷ್ಟೇ.

ಶನಿವಾರ ಮಾರ್ನಿಂಗ್ ಕ್ಲಾಸ್ ಇರೋ ಶಾಲೆಯಾದ್ರೆ ಶುಕ್ರವಾರ ರಾತ್ರಿ ಇನ್ನೂ ಹುಷಾರು, ಅವತ್ತೇ ಎಲ್ಲರಿಗೂ ಸಿನಿಮಾ ನೋಡೋ ಮನಸ್ಸಾಗೋದು. ಭಾನುವಾರ ಏಳು ಗಂಟೆ ತನಕ ಮಲಗಲಿ, ಏಳೂಕಾಲು ಅಂದ್ರೂ ಬಿಡೋಣ, ಹತ್ತು ಅಂದ್ರೆ ಸೋಮವಾರ ನಿಮ್ಮದೇ ಪಾಡು. ಮದುವೆ, ಜಾತ್ರೆ, ದಸರಾ ರಜೆ ಬಂದಾಗ ಎಲ್ಲ ಕೆಡುತ್ತೆ, ಕೆಡಲಿ. ಅಜ್ಜಿ ಊರಲ್ಲಿ ಹನ್ನೊಂದರ ತನಕ ಜಗಲಿ ಮೇಲೆ ಕೂತು ಮಾತು ಕೇಳೋ ಮಗೂನ ಎಳ್ಕೊಂಡು ಹೋಗಿ ಮಲಗಿಸಬೇಡಿ. ವಾಪಸ್ ಬಂದ ರಾತ್ರಿ ಗೋಡೆ ಮೇಲಿನ ಹಾಳೆ ಹತ್ರ ಕರ್ಕೊಂಡು ಹೋಗಿ "ಮೊದಲು ಯಾವ ಚಿತ್ರ?" ಅಂತ ಕೇಳಿ, ಬ್ಯಾಗು ತರೋಕೆ ಅದೇ ಓಡುತ್ತೆ.