ನೆಟ್ ನೂರು ಇದ್ದರೂ ಅಪ್‌ಲೋಡ್ ಯಾಕೆ ಕುಂಟುತ್ತದೆ? ಮನೆಯಲ್ಲೇ ಅಳೆದು ನೋಡುವ ಕ್ರಮ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಬಹಳಷ್ಟು ಮನೆಗಳಲ್ಲಿ ಈಗ ಚಾವಡಿಯ ಗೋಡೆಗೆ ನೆಟ್ಟಿನ ಬಿಳಿ ಡಬ್ಬಿಯೊಂದು (ರೂಟರ್) ಬಂದು ಕೂತಿದೆ. ಸಿನಿಮಾ ನಿಲ್ಲದೆ ಓಡುತ್ತದೆ, ಮಕ್ಕಳ ಗೇಮ್ ನಡೆಯುತ್ತದೆ. ಅಲ್ಲಿಯವರೆಗೆ ಎಲ್ಲ ಸರಿ. ತೊಂದರೆ ಗೊತ್ತಾಗುವುದು ನಾವು ಏನಾದರೂ ಕಳಿಸಲು ಕೂತಾಗ. ಮದುವೆಯ ವಿಡಿಯೊ ದುಬೈಯಲ್ಲಿರುವ ತಮ್ಮನಿಗೆ ಹೋಗುವುದೇ ಇಲ್ಲ. ಆಫೀಸಿನ ಮೀಟಿಂಗ್‌ನಲ್ಲಿ ಎಲ್ಲರ ಮಾತು ನಮಗೆ ಚೆನ್ನಾಗಿ ಕೇಳುತ್ತದೆ, ನಮ್ಮದು ಮಾತ್ರ ಅವರಿಗೆ ತುಂಡು ತುಂಡು. ಊರ ಯಕ್ಷಗಾನದ ಲೈವ್ ಅರ್ಧದಲ್ಲೇ ನಿಂತು ಸುತ್ತತೊಡಗುತ್ತದೆ.

ಆಗ ಶುರುವಾಗುತ್ತದೆ ಫೋನಿನಲ್ಲಿ ಜಗಳ. "ನೂರು ಎಂಬಿಪಿಎಸ್ ಅಂತ ಹೇಳಿದ್ದಲ್ವಾ ನೀವು?" ಹೇಳಿದ್ದು ಹೌದು. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಲೆಕ್ಕ. ಆದರೆ ಜಾಹೀರಾತಿನಲ್ಲಿ ದಪ್ಪಕ್ಕೆ ಬರೆದ ಆ ನೂರು ಸಾಮಾನ್ಯವಾಗಿ ಡೌನ್‌ಲೋಡ್, ಅಂದರೆ ನಮ್ಮ ಕಡೆಗೆ ಬರುವ ವೇಗ. ಅಪ್‌ಲೋಡ್, ಅಂದರೆ ನಾವು ಕಳಿಸುವ ವೇಗ ಎಷ್ಟು ಎಂದು ನಾವು ಕೇಳಿರುವುದಿಲ್ಲ, ಅವರು ಹೇಳಿರುವುದಿಲ್ಲ. ಸರ್ಕಾರವೂ ಇದರಲ್ಲಿ ಹಿಂದೆಯೇ. 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ (ಸುಮಾರು ಅರ್ಧ ಎಂಬಿಪಿಎಸ್) 2 ಎಂಬಿಪಿಎಸ್‌ಗೆ ಏರಿಸಿದರು. ಅದೂ ಡೌನ್‌ಲೋಡ್ ಲೆಕ್ಕವೇ.

ಹಾಗಾಗಿ ಜಗಳಕ್ಕೆ ಮುಂಚೆ ನಿಮ್ಮ ಲೈನಿಗೆ ಎಷ್ಟು ಅಪ್‌ಲೋಡ್ ಸಿಗಬೇಕು, ಎಷ್ಟು ಸಿಗುತ್ತಾ ಉಂಟು ಎಂಬ ಎರಡು ಸಂಖ್ಯೆ ಕೈಯಲ್ಲಿರಲಿ.

ಮೊದಲು ವಯರ್ ನೋಡಿ

ಡಬ್ಬಿಗೆ ಹೊರಗಿನಿಂದ ಏನು ಬರುತ್ತದೆ ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹಳೆಯ ಲ್ಯಾಂಡ್‌ಲೈನಿನ ತಾಮ್ರದ ತಂತಿಯೇ ಇನ್ನೂ ಇದ್ದರೆ ಜಾಸ್ತಿ ಆಸೆ ಬೇಡ. ಎಡಿಎಸ್‌ಎಲ್ ಎಂಬ ಆ ವಿಧಾನದಲ್ಲಿ ಮೇಲಕ್ಕೆ ಕಳಿಸಲು ಬಿಟ್ಟ ಜಾಗವೇ ಕಿರಿದು. ಉಳಿದದ್ದೆಲ್ಲ ಡೌನ್‌ಲೋಡ್‌ಗೆ. ಡೌನ್‌ಲೋಡ್ 24 ಎಂಬಿಪಿಎಸ್‌ವರೆಗೆ ಹೋಗಬಹುದು, ಅಪ್‌ಲೋಡ್ ಮಾತ್ರ ಒಂದರ ಆಸುಪಾಸು. ಎಕ್ಸ್‌ಚೇಂಜಿನಿಂದ ಮನೆ ದೂರವಿದ್ದರೆ ಇನ್ನೂ ಕಡಿಮೆ. ದೂರು ಕೊಟ್ಟು ಪ್ರಯೋಜನವಿಲ್ಲ, ಲೈನ್ ಬದಲಿಸಬೇಕು. ಟಿವಿ ಕೇಬಲ್ಲಿನ ದಪ್ಪ ವಯರಿನಲ್ಲೇ ನೆಟ್ ಬರುವ ಕಡೆಯೂ ಹೆಚ್ಚುಕಡಿಮೆ ಇದೇ ಕಥೆ, ಅಂಕಿ ಸ್ವಲ್ಪ ದೊಡ್ಡದು.

ಸಿಮ್ ಹಾಕಿದ 4ಜಿ ಅಥವಾ 5ಜಿ ಡಬ್ಬಿಯಾದರೆ ಬೇರೆ ವಿಷಯ. ಬಹಳಷ್ಟು ಕಡೆ ಟವರ್ ತನ್ನ ಸಮಯದ ಹೆಚ್ಚಿನ ಪಾಲನ್ನು ಡೌನ್‌ಲೋಡ್‌ಗೇ ಕೊಡುತ್ತದೆ. ಮೇಲಾಗಿ ಟವರಿನ ಶಕ್ತಿ ದೊಡ್ಡದು, ನಿಮ್ಮ ಡಬ್ಬಿಯದ್ದು ಸಣ್ಣದು. ಅದರ ಸ್ವರ ಇಲ್ಲಿಗೆ ಕೇಳುತ್ತದೆ, ಇಲ್ಲಿಯದ್ದು ಅಲ್ಲಿಗೆ ಕೇಳುವುದು ಕಷ್ಟ. ನಡುವೆ ಗುಡ್ಡ ಅಡ್ಡ ಬಂದರೆ ಕೇಳುವುದೇ ಬೇಡ. ಡೌನ್‌ಲೋಡ್ ನೂರು ತೋರಿಸಿ ಅಪ್‌ಲೋಡ್ ಐದೋ ಹತ್ತೋ ತೋರಿಸಿದರೆ ಆಶ್ಚರ್ಯಪಡಬೇಡಿ.

ಇನ್ನು ಫೈಬರ್. ಈಗ ಹೆಚ್ಚಿನ ಮನೆಗೆ ಬರುವುದು ಇದೇ. ಬಿಎಸ್‌ಎನ್‌ಎಲ್ ಲೈನ್, ಊರಿನ ಕೇಬಲ್‌ನವರು ಕೊಡುವ ಲೈನ್, ದೊಡ್ಡ ಖಾಸಗಿ ಕಂಪನಿಗಳ ಲೈನ್ ಎಲ್ಲ ಇವೆ. 2023ರ ಜೂನ್ 5ರಂದು ಉದ್ಘಾಟನೆಯಾದ, ಕೇರಳ ಸರ್ಕಾರದ ನೆಟ್ ಯೋಜನೆ ಕೆ-ಫೋನ್ ಕೂಡ ಫೈಬರೇ. ಅದು ಕೆಎಸ್‌ಇಬಿಯ ಕರೆಂಟ್ ಕಂಬಗಳ ಮೇಲೆ ಓಡುತ್ತದೆ, ಆರಂಭದಲ್ಲಿ ಅದರ ಚಿಕ್ಕ ಪ್ಲಾನ್ ತಿಂಗಳಿಗೆ 299 ರೂಪಾಯಿಗೆ 20 ಎಂಬಿಪಿಎಸ್ ಇತ್ತು.

ಮನೆಗಳಿಗೆ ಬರುವ ಫೈಬರಿನಲ್ಲಿ ಜಿಪಾನ್ ಎಂಬ ವಿಧಾನವೇ ಸಾಮಾನ್ಯ. ಒಂದು ಗಾಜಿನ ನೂಲನ್ನು ದಾರಿಯಲ್ಲಿ 32 ಅಥವಾ 64 ಮನೆಗೆ ಕವಲು ಮಾಡುತ್ತಾರೆ. ಅಷ್ಟೂ ಮನೆಗೆ ಸೇರಿ ಡೌನ್‌ಲೋಡ್ ಸುಮಾರು 2.5 ಗಿಗಾಬಿಟ್, ಅಪ್‌ಲೋಡ್ ಸುಮಾರು 1.25 ಗಿಗಾಬಿಟ್ (1250 ಎಂಬಿಪಿಎಸ್). ಅಂದರೆ ಅರ್ಧ. ಅಪ್‌ಲೋಡ್ ಮಾಡುವಾಗ ಪ್ರತಿ ಮನೆಯ ಡಬ್ಬಿಯೂ ಸರದಿ ಕಾದು ತನ್ನ ಹೊತ್ತು ಬಂದಾಗ ಮಾತ್ರ ಬೆಳಕು ಬಿಡುತ್ತದೆ. 32 ಮನೆಯವರೂ ಒಂದೇ ಕ್ಷಣದಲ್ಲಿ ವಿಡಿಯೊ ಕಳಿಸಲು ಕೂತರೂ ತಲಾ 39 ಎಂಬಿಪಿಎಸ್ ಆಗುತ್ತದೆ. ಹಾಗೆ ಎಲ್ಲರೂ ಒಟ್ಟಿಗೆ ಕೂರುವುದು ಎಲ್ಲಿ ಉಂಟು? ಆದ್ದರಿಂದ 100ರ ಪ್ಲಾನಿಗೆ 50 ಅಥವಾ ಪೂರ್ತಿ 100 ಅಪ್‌ಲೋಡ್ ಕೊಡುವುದು ಈ ಲೈನಿಗೆ ಕಷ್ಟವೇ ಅಲ್ಲ. ಕೆಲವರು ಕೊಡುತ್ತಾರೆ ಕೂಡ. ಫೈಬರ್ ಇದ್ದೂ ನಿಮಗೆ ಹತ್ತಕ್ಕೇ ಕಟ್ಟು ಹಾಕಿದ್ದರೆ ಅದು ಬಹುಪಾಲು ಕಂಪನಿ ತನ್ನ ಕಂಪ್ಯೂಟರಿನಲ್ಲಿ ಒತ್ತಿಟ್ಟ ಒಂದು ಸಂಖ್ಯೆ. ಅದನ್ನು ಬದಲಿಸಲು ಅವರು ಕಂಬ ಹತ್ತಬೇಕಾಗಿಲ್ಲ. ಇದು ತಿಳಿದಿದ್ದರೆ ಮಾತಾಡುವಾಗ ಧೈರ್ಯ ಇರುತ್ತದೆ.

ನಿಮಗೆ ಬೇಕಾದದ್ದೆಷ್ಟು?

ಮೊದಲು ಎಂಟರ ಮಗ್ಗಿ. ನೆಟ್ಟಿನ ವೇಗ ಬಿಟ್‌ನಲ್ಲಿ, ಫೈಲಿನ ಗಾತ್ರ ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಒಂದು ಜಿಬಿ ವಿಡಿಯೊ ಅಂದರೆ 8000 ಮೆಗಾಬಿಟ್. ಅಪ್‌ಲೋಡ್ 5 ಎಂಬಿಪಿಎಸ್ ಇದ್ದರೆ 1600 ಸೆಕೆಂಡ್, ಹತ್ತಿರ ಹತ್ತಿರ 27 ನಿಮಿಷ. 50 ಇದ್ದರೆ ಮೂರು ನಿಮಿಷದೊಳಗೆ ಮುಗಿಯಿತು. ನಿಜದಲ್ಲಿ ಇದಕ್ಕೆ ಸ್ವಲ್ಪ ಸೇರಿಸಿಕೊಳ್ಳಿ, ದಾರಿಖರ್ಚು ಇದ್ದೇ ಇರುತ್ತದೆ.

ವಾಟ್ಸಾಪ್ ವಿಡಿಯೊ ಕರೆಗೆ ಒಂದು ಎಂಬಿಪಿಎಸ್ ಸಾಕು. ಆಫೀಸ್ ಮೀಟಿಂಗಿಗೆ ಎರಡರಿಂದ ನಾಲ್ಕು. ಮನೆಯಲ್ಲಿ ಇಬ್ಬರು ಮೀಟಿಂಗ್, ಒಬ್ಬರು ಆನ್‌ಲೈನ್ ಕ್ಲಾಸ್ ಅಂತಾದರೂ ಗಟ್ಟಿಯಾಗಿ ನಿಲ್ಲುವ ಹದಿನೈದು ಇದ್ದರೆ ಆರಾಮ. ಏರಿಳಿಯುವ ಐವತ್ತಕ್ಕಿಂತ ಅಲುಗಾಡದ ಹದಿನೈದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಯಕ್ಷಗಾನ ಲೈವ್ ಮಾಡುವವರು 720ಪಿಗೆ ನಾಲ್ಕು ಎಂಬಿಪಿಎಸ್ ಎಂದು ಲೆಕ್ಕ ಹಿಡಿಯಲಿ, ಮತ್ತು ಅದರ ಎರಡರಷ್ಟು ಕೈಯಲ್ಲಿರಲಿ. ಅಂದರೆ ಎಂಟು. ಅದಕ್ಕಿಂತ ಸಾಕಷ್ಟು ಜಾಸ್ತಿ ಇಲ್ಲದೆ ಇನ್ನೂ ಸ್ಪಷ್ಟ ಚಿತ್ರದ 1080ಪಿಗೆ ಕೈ ಹಾಕುವುದು ಬೇಡ. ವೇಷದ ಬಣ್ಣ ಒಂದಿಷ್ಟು ಮಸುಕಾದರೆ ಯಾರೂ ಬೈಯುವುದಿಲ್ಲ. ಭಾಗವತರ ಪದ ಅರ್ಧಕ್ಕೆ ಕಡಿದುಹೋದರೆ ಕಮೆಂಟಿನಲ್ಲಿ ಪೂಜೆ ಗ್ಯಾರಂಟಿ.

ಸುಮ್ನೆ ಅಪ್‌ಲೋಡ್ ತಿನ್ನುವ ಇನ್ನೊಂದು ವಸ್ತು ಅಂದರೆ ತೋಟದ, ಅಂಗಳದ ಸಿಸಿಟಿವಿ. ಮೆಮೊರಿ ಕಾರ್ಡಿನಲ್ಲಿ ಅಥವಾ ಮನೆಯ ರೆಕಾರ್ಡರಿನಲ್ಲಿ ಉಳಿಸಿದರೆ ತೊಂದರೆಯಿಲ್ಲ. ಇಡೀ ದಿನ ಕ್ಲೌಡ್‌ಗೆ ಕಳಿಸುವಂತೆ ಇಟ್ಟರೆ ಒಂದು ಕ್ಯಾಮೆರಾ 2 ಎಂಬಿಪಿಎಸ್ ಲೆಕ್ಕದಲ್ಲಿ ದಿನಕ್ಕೆ 21.6 ಜಿಬಿ, ತಿಂಗಳಿಗೆ 648 ಜಿಬಿ ಕಳಿಸುತ್ತದೆ. ನಾಲ್ಕು ಕ್ಯಾಮೆರಾ ಅಂದರೆ ಎರಡೂವರೆ ಸಾವಿರ ಜಿಬಿ ದಾಟಿತು. ಇಷ್ಟು ಜಿಬಿ ದಾಟಿದರೆ ವೇಗ ಇಳಿಸುವ ತಿಂಗಳ ಮಿತಿಯ ಲೆಕ್ಕದಲ್ಲಿ ಸಾಮಾನ್ಯವಾಗಿ ಅಪ್‌ಲೋಡ್ ಕೂಡ ಸೇರುತ್ತದೆ. "ಅನ್‌ಲಿಮಿಟೆಡ್" ಲೈನ್ ತಿಂಗಳ ಕೊನೆಗೆ ಇದ್ದಕ್ಕಿದ್ದಂತೆ ತೆವಳತೊಡಗಿದರೆ ಮೊದಲು ಅಂಗಳದ ಕ್ಯಾಮೆರಾ ಕಡೆ ನೋಡಿ.

ಅಳೆಯುವುದು ಹೀಗೆ

ಮೊಬೈಲ್ ಹಿಡಿದು ಮಲಗುವ ಕೋಣೆಯಲ್ಲಿ ಸ್ಪೀಡ್ ಟೆಸ್ಟ್ ಒತ್ತಿದರೆ ಸಿಗುವುದು ನಿಮ್ಮ ವೈಫೈಯ ವೇಗ, ಲೈನಿನದ್ದಲ್ಲ. ನಮ್ಮ ಕಡೆ ಅದರಲ್ಲೂ. ಮುರಕಲ್ಲಿನ ದಪ್ಪ ಗೋಡೆ ವೈಫೈಯನ್ನು ನುಂಗುತ್ತದೆ, ಮಳೆಗಾಲದಲ್ಲಿ ತೇವ ಹಿಡಿದ ಗೋಡೆ ಇನ್ನೂ ಜಾಸ್ತಿ. ಎರಡು ಗೋಡೆ ದಾಟಿದ ಮೇಲೆ ಡೌನ್‌ಲೋಡ್ ಹೇಗೋ ನಡೆದೀತು, ಅಪ್‌ಲೋಡ್ ಮುಗ್ಗರಿಸುತ್ತದೆ. ಯಾಕೆಂದರೆ ರೂಟರಿಗಿಂತ ಮೊಬೈಲಿನ ಸಿಗ್ನಲ್ ಮೆತ್ತಗೆ.

ಲ್ಯಾಪ್‌ಟಾಪನ್ನು ರೂಟರಿಗೆ ಲ್ಯಾನ್ ಕೇಬಲ್ಲಿನಿಂದಲೇ ಜೋಡಿಸಿ. ಮನೆಯ ಬೇರೆ ಫೋನುಗಳ ವೈಫೈ, ಟಿವಿ, ಕ್ಯಾಮೆರಾ ಎಲ್ಲ ಬಂದ್. ಆಫೀಸಿನ ನೆಟ್‌ವರ್ಕಿಗೆ ಜೋಡಿಸುವ ವಿಪಿಎನ್ ಇದ್ದರೆ ಅದೂ ಬಂದ್. ಆಮೇಲೆ ಟೆಸ್ಟ್. ಫಾಸ್ಟ್ ಡಾಟ್ ಕಾಮ್ ತೆರೆದರೆ ಮೊದಲು ಡೌನ್‌ಲೋಡ್ ಮಾತ್ರ ಕಾಣುತ್ತದೆ. ಹೆಚ್ಚಿನ ಮಾಹಿತಿಯ ಬಟನ್ ಒತ್ತಿದ ಮೇಲೆಯೇ ಅಪ್‌ಲೋಡ್ ಅಳೆಯುತ್ತದೆ. ಊಕ್ಲಾದ ಸ್ಪೀಡ್‌ಟೆಸ್ಟ್ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಬೆಳಗ್ಗೆ ಒಮ್ಮೆ, ರಾತ್ರಿ ಎಂಟರಿಂದ ಹತ್ತರ ನಡುವೆ ಒಮ್ಮೆ, ಎಲ್ಲರೂ ಮಲಗಿದ ಮೇಲೆ ಒಮ್ಮೆ. ಮೂರೂ ಸಲ ಸ್ಕ್ರೀನ್‌ಶಾಟ್ ತೆಗೆದಿಡಿ.

ಗಡಿನಾಡಿನವರು ಗಮನಿಸಬೇಕಾದ ಒಂದು ವಿಷಯ ಇಲ್ಲಿದೆ. ಮಂಜೇಶ್ವರದವರಿಗೆ ಮಂಗಳೂರು ಕೈಗೆಟಕುವಷ್ಟು ಹತ್ತಿರ, ಹಾಗೆಂದು ಮಂಗಳೂರಿನ ಸರ್ವರ್ (ಟೆಸ್ಟಿನ ಇನ್ನೊಂದು ತುದಿಯ ಕಂಪ್ಯೂಟರ್) ಆರಿಸಿ ಟೆಸ್ಟ್ ಮಾಡುತ್ತಾರೆ. ಆದರೆ ನಮ್ಮ ಲೈನ್ ಕೇರಳ ವಲಯದ್ದು. ತಲಪಾಡಿ ಗಡಿ ದಾಟಿ ಸೀದಾ ಹೋಗುವ ಬದಲು ಕೊಚ್ಚಿಗೋ ಚೆನ್ನೈಗೋ ಹೋಗಿ ಸುತ್ತಿ ಮಂಗಳೂರಿಗೆ ಬರಬಹುದು. ಹಾಗಾಗಿ ಕೊಚ್ಚಿಯ ಸರ್ವರಿನಲ್ಲೂ ಒಮ್ಮೆ ನೋಡಿ, ಎರಡರಲ್ಲಿ ಚೆನ್ನಾಗಿ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಿರಿ.

ಈಗ ಅಂಕಿ ಓದೋಣ. ಪ್ಲಾನಿನಲ್ಲಿ ಹೇಳಿದ ಅಪ್‌ಲೋಡಿನ ನೂರಕ್ಕೆ ತೊಂಬತ್ತು ಬಂದರೆ ಅದು ಪೂರ್ತಿ ಬಂದ ಹಾಗೆಯೇ. ಪ್ಲಾನ್ 200 ಇದ್ದೂ ಡೌನ್‌ಲೋಡ್, ಅಪ್‌ಲೋಡ್ ಎರಡೂ 94ರಲ್ಲೇ ನಿಂತರೆ ಲೈನಿನ ತಪ್ಪಲ್ಲ, ರೂಟರಿನ ಪೋರ್ಟ್ ಅಥವಾ ಕೇಬಲ್ ನೂರು ಎಂಬಿಪಿಎಸ್‌ವರೆಗಿನದ್ದು. ರಾತ್ರಿ ಮಾತ್ರ ಬಿದ್ದರೆ ಆಪರೇಟರ್ ತನ್ನ ಲೈನಿಗೆ ಮೀರಿ ಮನೆಗಳನ್ನು ಸೇರಿಸಿದ್ದಾನೆ ಎಂದು ಅನುಮಾನಿಸಬಹುದು. ಮೂರು ಹೊತ್ತೂ ಅರ್ಧಕ್ಕಿಂತ ಕಡಿಮೆ ಇದ್ದರೆ ದೂರಿಗೆ ಕಾರಣ ಉಂಟು. ವಯರಿನಲ್ಲಿ ಚೆನ್ನಾಗಿದ್ದು ವೈಫೈಯಲ್ಲಿ ಕೆಟ್ಟರೆ ರೂಟರಿನ ಜಾಗ ಬದಲಿಸಿ. ಹೊಸ ಪ್ಲಾನಿಗೆ ದುಡ್ಡು ಸುರಿಯುವುದು ದಂಡ.

ಫೋಟೊ ಹೋಗುವಾಗ ಎಲ್ಲವೂ ನಿಲ್ಲುವುದೇಕೆ?

ಅಂಕಿ ಸರಿಯೇ ಇದೆ, ಆದರೂ ಒಬ್ಬರ ಫೋನಿನ ಫೋಟೊ ಬ್ಯಾಕಪ್ ಶುರುವಾದ ಕೂಡಲೇ ಮನೆಯಿಡೀ ನೆಟ್ ನಿಂತಂತಾಗುತ್ತದೆ. ಡೌನ್‌ಲೋಡಿಗೂ ಅಪ್‌ಲೋಡ್ ಬೇಕು ಎಂಬುದು ಇದರ ಗುಟ್ಟು. ನೀವು ವಿಡಿಯೊ ನೋಡುವಾಗ ನಿಮ್ಮ ಫೋನ್ "ಇದು ಬಂತು, ಮುಂದಿನದ್ದು ಕಳಿಸಿ" ಎಂದು ಆಗಾಗ ಚಿಕ್ಕ ಉತ್ತರ ಕಳಿಸುತ್ತಲೇ ಇರಬೇಕು. ಆ ಉತ್ತರ ಬ್ಯಾಕಪ್ಪಿನ ಹಿಂದೆ ಸಿಕ್ಕಿಬೀಳುತ್ತದೆ. ಸರ್ಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರದಲ್ಲಿ ನಿಮಗೆ ಬೇಕಾದದ್ದು ಒಂದೇ ಪ್ರಿಂಟ್, ಮುಂದೆ ನಿಂತವರ ಕೈಯಲ್ಲಿ ಇಡೀ ಕುಟುಂಬದ ದಾಖಲೆಯ ಕಟ್ಟು. ಹಾಗೆ.

ಅಪ್‌ಲೋಡ್ ಚಿಕ್ಕದಿದ್ದಷ್ಟೂ ಈ ಕಾಟ ಜಾಸ್ತಿ. ಬ್ಯಾಕಪ್ಪನ್ನು ರಾತ್ರಿಗೆ ಇಡಿ. ರೂಟರಿನ ಸೆಟ್ಟಿಂಗ್‌ನಲ್ಲಿ ಕ್ಯೂಒಎಸ್ ಅಥವಾ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಎಂಬ ಸೌಲಭ್ಯ ಇದ್ದರೆ, ನೀವು ಅಳೆದ ಅಪ್‌ಲೋಡಿನ ನೂರಕ್ಕೆ 85ರಷ್ಟನ್ನು ಮಿತಿಯಾಗಿ ಹಾಕಿ. ಬ್ಯಾಕಪ್ ಮುಗಿಯಲು ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ಮೀಟಿಂಗ್ ಮಾತ್ರ ಕಡಿಯುವುದಿಲ್ಲ.

ಲೈನ್‌ನವರನ್ನು ಕರೆಯುವ ಮುಂಚೆ

ಫೈಬರ್ ಡಬ್ಬಿಯ ಹಿಂದೆ ಕೈ ಹಾಕಿ ನೋಡಿ. ಹಸಿರು ತುದಿಯ ತೆಳ್ಳಗಿನ ವಯರ್ ಒಂದು ಇರುತ್ತದೆ. ಅದು ಮೊಳೆಗೆ ಸಿಕ್ಕಿ ಮಡಚಿದೆಯೇ, ಕಪಾಟಿನ ಅಡಿಗೆ ಬಿದ್ದಿದೆಯೇ, ಇರುವೆ ಗೂಡು ಕಟ್ಟಿದೆಯೇ? ಅಂಗೈಗಿಂತ ಸಣ್ಣ ಸುರುಳಿ ಮಾಡಿ ಕಟ್ಟಿದ್ದರೆ ಬಿಚ್ಚಿ. ವಯರಿನ ತುದಿಯನ್ನು ಕಳಚಿ ಕಣ್ಣಿನ ಹತ್ತಿರ ಹಿಡಿಯಬೇಡಿ, ಒಳಗಿನ ಲೇಸರ್ ಕಣ್ಣಿಗೆ ಕಾಣುವುದಿಲ್ಲ. ಹೊರಗೆ ಕಂಗಿನ ಮರದಿಂದ ಮರಕ್ಕೆ ಕಟ್ಟಿ ತಂದ ಲೈನಾದರೆ ತೆಂಗಿನ ಮಡಲು ಬಿದ್ದು ಜಗ್ಗಿರಬಹುದು. ಅದನ್ನೂ ಒಮ್ಮೆ ನೋಡಿ.

ಲೈನ್‌ನವರು ಬಂದಾಗ "ಪವರ್ ಎಷ್ಟು ಬರ್ತಾ ಉಂಟು ಅಣ್ಣ?" ಎಂದು ಕೇಳಿ. ಮಲಯಾಳದಲ್ಲಿ ಕೇಳಿದರೂ ತುಳುವಿನಲ್ಲಿ ಕೇಳಿದರೂ ಪವರ್ ಪವರೇ. ಫೈಬರಿನಲ್ಲಿ ಬರುವ ಬೆಳಕಿನ ಬಲ ಅದು. ಮೀಟರಿನಲ್ಲಿ ಮೈನಸ್ 15ರಿಂದ ಮೈನಸ್ 25ರೊಳಗೆ ಇದ್ದರೆ ಲೈನ್ ಒಳ್ಳೆಯದು. ಮೈನಸ್ 27 ಅಥವಾ ಅದಕ್ಕಿಂತ ಆಚೆ ಇದ್ದರೆ ಎಲ್ಲೋ ಜೋಡಣೆ ಸರಿಯಿಲ್ಲ, ಅದನ್ನು ಸರಿಮಾಡದೆ ಅವರನ್ನು ಬಿಡಬೇಡಿ. ಪವರ್ ಚೆನ್ನಾಗಿದ್ದೂ ಅಪ್‌ಲೋಡ್ ಇಲ್ಲದಿದ್ದರೆ "ನನ್ನ ಐಡಿಗೆ ಅಪ್‌ಲೋಡ್ ಎಷ್ಟು ಇಟ್ಟಿದ್ದೀರಿ" ಎಂಬುದು ಮುಂದಿನ ಪ್ರಶ್ನೆ. ಪ್ಲಾನ್ ಏರಿಸಿದಾಗ ಡೌನ್‌ಲೋಡ್ ಮಾತ್ರ ಏರಿಸಿ ಇನ್ನೊಂದನ್ನು ಹಳೆಯದರಲ್ಲೇ ಬಿಟ್ಟಿರುವ ಸಾಧ್ಯತೆಯೂ ಉಂಟು.

ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಕಸ್ಟಮರ್ ಕೇರಿಗೆ ಕರೆ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ. ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ದೂರಸಂಪರ್ಕ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ, ಅಲ್ಲಿಗೆ ಬರೆದು ಕಾಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಹೊಸ ಲೈನ್ ತೆಗೆದುಕೊಳ್ಳುವವರಿಗೆ ಕೆಲಸ ಇನ್ನೂ ಸುಲಭ. ಆರು ತಿಂಗಳ ದುಡ್ಡು ಮುಂಗಡ ಕಟ್ಟುವ ಮುಂಚೆ ವಾಟ್ಸಾಪಿನಲ್ಲಿ ಒಂದು ಸಾಲು ಕಳಿಸಿ: "ಈ ಪ್ಲಾನಿಗೆ ಅಪ್‌ಲೋಡ್ ಎಷ್ಟು? ತಿಂಗಳ ಮಿತಿ ಮುಗಿದ ಮೇಲೆ ಎಷ್ಟು?" ಉತ್ತರ ಬರೆದು ಬಂದ ಮೇಲೆ ದುಡ್ಡು ಕಟ್ಟಿ.