ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ: ದೂರದ ಲೆಕ್ಕ ಹಾಕುವುದು ಹೇಗೆ?

ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ದೊಡ್ಡ ನಕ್ಷತ್ರಗಳ ತೀರಾ ದಟ್ಟ ತಿರುಳುಗಳು) ಡಿಕ್ಕಿ ಹೊಡೆದರೆ ಗಾಮಾ ಕಿರಣಗಳು ಒಮ್ಮೆಲೇ ಸಿಡಿಯುತ್ತವೆ. ಸಾಮಾನ್ಯವಾಗಿ ಎರಡು ಸೆಕೆಂಡಿನೊಳಗೆ ಎಲ್ಲ ಮುಗಿದಿರುತ್ತದೆ. ಅದು ಎಷ್ಟು ದೂರದಲ್ಲಿ ಆಯಿತು ಅಂತ ಅಂದಾಜು ಮಾಡಲು ಧಾರವಾಡದ ಪಿಯುಸಿ ಹುಡುಗರ ಕ್ಯಾಲ್ಕುಲೇಟರ್ ಸಾಕು. 2017ರ ಆಗಸ್ಟ್ 17ರ ಸ್ಫೋಟವನ್ನೇ ತೆಗೆದುಕೊಳ್ಳೋಣ.

ಮೊದಲು, ಬೆಳಕಿನ ಜೋರು ನೋಡಿ ದೂರ ಹೇಳಬೇಡಿ. ರಾತ್ರಿ ನವಲೂರಿನ ಹತ್ತಿರ ಹುಬ್ಬಳ್ಳಿ-ಧಾರವಾಡ ರಸ್ತೆ ದಾಟುವವರಿಗೆ ಇದು ಗೊತ್ತು: ಹೆಡ್‌ಲೈಟ್ ಮಂದ ಕಂಡರೆ ಗಾಡಿ ದೂರ ಇದೆ ಅಂತಲೇ ಅಲ್ಲ, ಬೇರೆ ಕಡೆ ತಿರುಗಿರಬಹುದು. ಗಾಮಾ ಕಿರಣಗಳೂ ಕಿರಿದಾದ ಧಾರೆಯಾಗಿ ಹೊರಡುತ್ತವೆ. 2017ರ ಧಾರೆ ನಮ್ಮತ್ತ ನೇರವಾಗಿರಲಿಲ್ಲ. ಹಾಗಾಗಿ ಹತ್ತಿರದ್ದಾದರೂ ತೀರಾ ಮಂಕಾಗಿ ಕಂಡಿತು.

ಆಮೇಲೆ ಅದು ಯಾವ ಗೆಲಾಕ್ಸಿಯದು ಅಂತ ಹುಡುಕಬೇಕು. ನಿಜವಾದ ಕಷ್ಟ ಇಲ್ಲೇ. ಗಾಮಾ ಕಿರಣ ಹಿಡಿಯುವ ಉಪಗ್ರಹ ಆಕಾಶದ ದೊಡ್ಡ ತುಂಡನ್ನು ತೋರಿಸುತ್ತದೆ, ನಿಖರ ಜಾಗವನ್ನಲ್ಲ. ಆ ಸಲ ಚಿಲಿಯ ಸ್ವೋಪ್ ದೂರದರ್ಶಕ ಸುಮಾರು 11 ತಾಸಿನ ನಂತರ ಎನ್‌ಜಿಸಿ 4993 ಗೆಲಾಕ್ಸಿಯಲ್ಲಿ ಹೊಸ ಬೆಳಕು ಕಂಡಿತು. ಕೆಲವು ಜೋಡಿಗಳು ಹುಟ್ಟಿದ ಗೆಲಾಕ್ಸಿ ಬಿಟ್ಟು ಹೊರಗೆ ಹೋಗಿ ಡಿಕ್ಕಿಯಾಗುತ್ತವೆ. ಆಗ ಪಕ್ಕದ ಗೆಲಾಕ್ಸಿಯೇ ಮನೆ ಅನ್ನುವಂತಿಲ್ಲ.

ಮನೆ ಸಿಕ್ಕಿತಾ? ಇನ್ನು ಅದರ ರೋಹಿತ (ಬಣ್ಣ ಬಣ್ಣವಾಗಿ ಬಿಡಿಸಿದ ಬೆಳಕು) ನೋಡಿ. ಕ್ಯಾಲ್ಸಿಯಂನ ಒಂದು ಗೆರೆ ಪ್ರಯೋಗಾಲಯದಲ್ಲಿ 393.4 ನ್ಯಾನೋಮೀಟರ್‌ನಲ್ಲಿ ಇರುತ್ತದೆ. ಅದು 397.3ಕ್ಕೆ ಸರಿದಿದ್ದರೆ ಕೆಂಪು ಪಲ್ಲಟ (ಗೆರೆ ಸರಿದಷ್ಟನ್ನು ಮೂಲ ಅಳತೆಯಿಂದ ಭಾಗಿಸಿದ್ದು) ಸುಮಾರು 0.01. ಎನ್‌ಜಿಸಿ 4993ರದ್ದೂ ಹೆಚ್ಚು ಕಡಿಮೆ ಇಷ್ಟೇ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಅದನ್ನು ಪಲ್ಲಟದಿಂದ ಗುಣಿಸಿದರೆ ಗೆಲಾಕ್ಸಿ ದೂರ ಸರಿಯುವ ವೇಗ ಸೆಕೆಂಡಿಗೆ 3,000 ಕಿ.ಮೀ. ಅಂತ ಬರುತ್ತದೆ. ಅದನ್ನು ಹಬಲ್ ಸ್ಥಿರಾಂಕ 70ರಿಂದ (ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ ವಿಶ್ವ ಹಿಗ್ಗುವ ವೇಗ, ಸೆಕೆಂಡಿಗೆ ಕಿ.ಮೀ. ಲೆಕ್ಕದಲ್ಲಿ) ಭಾಗಿಸಿ: 43 ಮೆಗಾಪಾರ್ಸೆಕ್, ಅಂದರೆ ಸುಮಾರು 14 ಕೋಟಿ ಜ್ಯೋತಿರ್ವರ್ಷ. ಈ ಸುಲಭ ಸೂತ್ರ ಹತ್ತಿರದ ಗೆಲಾಕ್ಸಿಗಳಿಗೆ ಮಾತ್ರ. ಪಲ್ಲಟ ಜಾಸ್ತಿ ಆದರೆ ವಿಶ್ವ ಹಿಗ್ಗಿದ ಪೂರ್ತಿ ಲೆಕ್ಕವೇ ಬೇಕು.

ಈ ಉತ್ತರವನ್ನು ತಾಳೆ ನೋಡಲು ಗುರುತ್ವ ಅಲೆ ಇದೆ, ಅಂದರೆ ಸುತ್ತುವ ಜೋಡಿ ಆಕಾಶದಲ್ಲೇ ಎಬ್ಬಿಸುವ ಕಂಪನ. ಅವತ್ತು ಲೈಗೋ ಮತ್ತು ವರ್ಗೋ ಎಂಬ ಗುರುತ್ವ ಅಲೆ ಪತ್ತೆ ಕೇಂದ್ರಗಳು ಅದನ್ನು ಹಿಡಿದವು. ಗಾಮಾ ಕಿರಣ ಬಂದಿದ್ದು 1.7 ಸೆಕೆಂಡ್ ತಡವಾಗಿ. ಅಲೆಯ ಕಂಪನ ಎಷ್ಟು ಬೇಗ ಏರುತ್ತದೆ ಅನ್ನುವುದರಿಂದ ನಕ್ಷತ್ರಗಳ ತೂಕದ ಲೆಕ್ಕ ಸಿಗುತ್ತದೆ, ಅದರಿಂದ ಅಲೆಯ ಮೂಲ ಬಲ. ನಮಗೆ ತಲುಪಿದ ಬಲಕ್ಕೆ ಹೋಲಿಸಿದರೆ ದೂರ ಬಂತು, ಹಬಲ್ ಸ್ಥಿರಾಂಕದ ಹಂಗೇ ಇಲ್ಲ! ಸಿಕ್ಕಿದ್ದು ಸುಮಾರು 40 ಮೆಗಾಪಾರ್ಸೆಕ್. ಆದರೆ ಜೋಡಿಯ ಸುತ್ತಾಟ ನಮಗೆ ಎಷ್ಟು ಓರೆಯಾಗಿತ್ತು ಅಂತ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೇ ಉತ್ತರ ಬರೆಯುವಾಗ ಸುಮ್ನೆ 40 ಅಂತ ಬರೆಯದೆ, 26ರಿಂದ 48ರ ನಡುವೆ ಅಂತಲೂ ಸೇರಿಸಿ.