ಜಾವಾದ ಹಳ್ಳಿಯಲ್ಲಿ ಕೆಲವು ವಾರ ಉಳಿಯಲು ಹೊರಟ ಮಲೆನಾಡಿಗರಿಗೆ

ಇಂಡೋನೇಷ್ಯಾಕ್ಕೆ ಹೋಗುವ ನಮ್ಮ ಕಡೆಯವರಲ್ಲಿ ಹೆಚ್ಚಿನವರು ಬಾಲಿಯ ಕಡಲತೀರವನ್ನೋ ಬೊರೊಬುದುರ್, ಪ್ರಂಬನನ್ ದೇಗುಲಗಳನ್ನೋ ನೋಡಿಕೊಂಡು ಹಿಂತಿರುಗುತ್ತಾರೆ. ಈ ಬರಹ ಅವರಿಗಾಗಿ ಅಲ್ಲ. ಮಧ್ಯ ಜಾವಾದಲ್ಲೋ ಯೋಗ್ಯಕರ್ತಾದ ಸುತ್ತಮುತ್ತಲೋ ಇರುವ ಭತ್ತದ ಸೀಮೆಯ ಸಣ್ಣ ಹಳ್ಳಿಯಲ್ಲಿ, ಪರಿಚಯದವರ ಮನೆಯಲ್ಲಿ ಕೆಲವು ವಾರ ಉಳಿದು, ಅಲ್ಲಿನ ಜನ ಹೇಗೆ ಬದುಕುತ್ತಾರೆಂದು ತಿಳಿಯಬೇಕೆನ್ನುವ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆಯ ಓದುಗರಿಗಾಗಿ ಇದನ್ನು ಬರೆಯಲಾಗಿದೆ. ಬಾಳೆ, ತೆಂಗು, ಹಲಸು, ಬಿದಿರು ಮೆಳೆ, ಹೆಂಚಿನ ಮಾಡು, ನೀರು ನಿಂತ ಗದ್ದೆ ಎಲ್ಲವೂ ಅಲ್ಲಿವೆ. ಬಸ್ಸಿನಿಂದ ಇಳಿದ ಕೂಡಲೇ ನಮ್ಮೂರಿಗೇ ಬಂದೆವೇನೋ ಅನ್ನಿಸಿಬಿಡುತ್ತದೆ. ಹಾಗೆ ಅನ್ನಿಸಿದಾಗಲೇ ಎಚ್ಚರವಾಗಿರಬೇಕು. 2011ರ ಜನಗಣತಿಯ ಪ್ರಕಾರ ಶಿವಮೊಗ್ಗ ಜಿಲ್ಲೆಯಲ್ಲಿ ಒಂದು ಚದರ ಕಿಲೋಮೀಟರಿಗೆ ಇನ್ನೂರರ ಆಸುಪಾಸಿನಲ್ಲಿ ಜನರಿದ್ದರೆ, ಜಾವಾ ದ್ವೀಪದಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ನಮ್ಮಲ್ಲಿ ತೋಟದ ನಡುವೆ ಒಂಟಿ ಮನೆ, ಪಕ್ಕದ ಮನೆಯೆಂದರೆ ಗುಡ್ಡದಾಚೆ. ಅಲ್ಲಿ ಗದ್ದೆಗಳ ನಡುವಿನ ದಿಬ್ಬದಲ್ಲಿ ಬೇಲಿಗೆ ಬೇಲಿ ತಾಗಿಕೊಂಡ ಮನೆಗಳು. ಒಬ್ಬರ ಒಗ್ಗರಣೆಯ ಘಾಟು ನಾಲ್ಕು ಮನೆಗೆ ತಲುಪುವಂತಹ ಈ ಒತ್ತಿನಲ್ಲಿಯೇ ಅವರ ನಯವೂ, ಪರಸ್ಪರ ಕಾವಲೂ, ಕೊಡುಕೊಳ್ಳುವ ಲೆಕ್ಕವೂ ರೂಪುಗೊಂಡಿವೆ. ಆದ್ದರಿಂದ ಅಲ್ಲಿಗೆ ಹೋಗುವವರು ತಾವು ಒಂದು ಮನೆಯ ಅತಿಥಿಯಲ್ಲ, ಇಡೀ ಕೇರಿಯ ಅತಿಥಿ ಎಂದು ತಿಳಿದು ಹೋಗಬೇಕು. ಮುಂದಿನ ಸಲಹೆಗಳೆಲ್ಲ ಇದರಿಂದಲೇ ಹುಟ್ಟಿದವು.

ಮೊದಲು ಹೋಗುವ ಕಾಲವನ್ನು ನೋಡೋಣ. ಜಾವಾದಲ್ಲಿ ಮಳೆಗಾಲ ಸುಮಾರು ನವೆಂಬರಿನಿಂದ ಮಾರ್ಚ್ ಇಲ್ಲವೇ ಏಪ್ರಿಲಿನವರೆಗೆ. ನಮ್ಮಲ್ಲಿ ಆರಿದ್ರಾ, ಪುನರ್ವಸು ಮಳೆ ಹುಯ್ಯುವ ಹೊತ್ತಿಗೆ ಅಲ್ಲಿ ಒಣ ಹವೆ ಇರುತ್ತದೆ. ಕಾಲುದಾರಿಗಳಲ್ಲಿ ಓಡಾಡಿ ಜನರೊಂದಿಗೆ ಮಾತನಾಡಲು ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿ ಅನುಕೂಲ. ಆದರೆ ನಮ್ಮಲ್ಲಿ ಅದೇ ನಾಟಿಯ ಕಾಲ, ಕೊಳೆ ರೋಗಕ್ಕೆ ಬೋರ್ಡೋ ಹೊಡೆಸುವ ಕಾಲವಾದ್ದರಿಂದ, ತೋಟವನ್ನು ನಂಬಿಕೆಯವರಿಗೆ ಒಪ್ಪಿಸಿಯೇ ಹೊರಡಬೇಕಾಗುತ್ತದೆ. ರಂಜಾನ್ ತಿಂಗಳು ಪ್ರತಿವರ್ಷ ಸುಮಾರು ಹನ್ನೊಂದು ದಿನ ಮೊದಲೇ ಬರುವುದರಿಂದ ಆ ವರ್ಷದ ದಿನಾಂಕವನ್ನು ನೋಡಿಕೊಳ್ಳಿ. ಅದರ ಕೊನೆಗೆ ಬರುವ ಲೆಬರಾನ್ ಹಬ್ಬಕ್ಕೆ ನಗರಗಳಲ್ಲಿರುವವರೆಲ್ಲ ಊರಿಗೆ ಹೊರಡುತ್ತಾರೆ. ಆಗ ರೈಲು, ಬಸ್ಸುಗಳಲ್ಲಿ ಜಾಗ ಸಿಗುವುದಿಲ್ಲ, ಆತಿಥೇಯರ ಮನೆಯಲ್ಲಿಯೂ ಕಾಲಿಡಲು ಎಡೆಯಿರುವುದಿಲ್ಲ.

ಹಳ್ಳಿಯನ್ನು ತಲುಪಿದ ದಿನವೇ ಮಾಡಬೇಕಾದ ಕೆಲಸವೊಂದಿದೆ. ಅತಿಥಿಗಳು ಒಂದು ದಿನ, ಅಂದರೆ 24 ಗಂಟೆಗಳೊಳಗೆ ವರದಿ ಮಾಡಿಕೊಳ್ಳಬೇಕೆಂಬ ಫಲಕವನ್ನು ಓಣಿಯ ಬಾಯಲ್ಲಿ ಕಾಣುತ್ತೀರಿ. ವರದಿ ಮಾಡಬೇಕಾದದ್ದು ಪೊಲೀಸರಿಗಲ್ಲ. ಕೆಲವು ಡಜನ್ ಮನೆಗಳು ಸೇರಿದ 'ರುಕುನ್ ತೆತಾಂಗ್ಗ' ಎಂಬ ನೆರೆಕೂಟದ ಮುಖ್ಯಸ್ಥರಿಗೆ. ಆ ಹೆಸರಿನ ಮೊದಲ ಎರಡು ಅಕ್ಷರಗಳಾದ ಆರ್, ಟಿ ಹಿಡಿದು ಅವರನ್ನು 'ಪಾಕ್ ಎರ್‌ತೇ' ಎಂದು ಕರೆಯುವುದು ರೂಢಿ. ಅವರು ಸರ್ಕಾರಿ ನೌಕರರಲ್ಲ, ನೆರೆಯವರೇ ಆರಿಸಿಕೊಂಡವರು. ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿಯೊಂದಿಗೆ, ಆತಿಥೇಯರನ್ನು ಜೊತೆಗೆ ಕರೆದುಕೊಂಡು ಸಂಜೆಯ ಹೊತ್ತಿಗೆ ಅವರ ಮನೆಗೆ ಹೋಗಿ ಬರಬೇಕು. ಇದನ್ನು ಬರಿಯ ಕಾಗದದ ಕೆಲಸವೆಂದು ಮುಂದೂಡಿದರೆ ನಿಮ್ಮ ಆತಿಥೇಯರಿಗೆ ಕೇರಿಯಲ್ಲಿ ಮುಜುಗರವಾಗುತ್ತದೆ. ಹಳ್ಳಿಯ ಚುನಾಯಿತ ಮುಖ್ಯಸ್ಥರನ್ನು ಮುಂದೆ ಯಾವಾಗಲಾದರೂ ಕಾಣಬಹುದು. 2014ರ ಗ್ರಾಮ ಕಾಯಿದೆಯ ನಂತರ ಕೇಂದ್ರ ಸರ್ಕಾರದ ಹಣ ನೇರವಾಗಿ ಹಳ್ಳಿಯ ಖಾತೆಗೆ ಬರುತ್ತಿರುವುದರಿಂದ ಆ ಹುದ್ದೆಯ ತೂಕ ಹೆಚ್ಚಾಗಿದೆ; 2024ರ ತಿದ್ದುಪಡಿಯಿಂದ ಅವಧಿಯೂ ಆರು ವರ್ಷದಿಂದ ಎಂಟು ವರ್ಷಕ್ಕೆ ಏರಿದೆ. ಹಳ್ಳಿಯ ಅಧಿಕಾರಿಗಳಿಗೆ ಸಂಬಳದ ಬದಲಾಗಿಯೋ ಸಂಬಳದ ಜೊತೆಗೋ 'ಬೆಂಗ್‌ಕೊಕ್' ಎಂಬ ಗದ್ದೆಯನ್ನು ಬಿಟ್ಟುಕೊಡುವ ಹಳೆಯ ಪದ್ಧತಿ ಅನೇಕ ಕಡೆ ಉಳಿದಿದೆ. ನಮ್ಮ ಹಳೆಯ ಉಂಬಳಿಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಮನೆಯೊಳಗಿನ ನಡವಳಿಕೆಯಲ್ಲಿ ಅರ್ಧ ನಮಗೆ ಗೊತ್ತಿರುವುದೇ. ಚಪ್ಪಲಿಯನ್ನು ಹೊರಗೆ ಬಿಡುವುದು, ಬಲಗೈಯಲ್ಲಿ ಕೊಡುವುದು, ಹಿರಿಯರು ಚಾಪೆಯ ಮೇಲೆ ಕುಳಿತಿದ್ದರೆ ತಾವೂ ಕೆಳಗೇ ಕುಳಿತುಕೊಳ್ಳುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಲಿಯಬೇಕಾದದ್ದು ಉಳಿದರ್ಧ. ಕುಳಿತವರ ಮುಂದೆ ಹಾದುಹೋಗುವಾಗ ತುಸು ಬಾಗಿ, 'ನುವುನ್ ಸೆವು' ಎಂದು ಮೆಲ್ಲಗೆ ಹೇಳಬೇಕು. ಏನನ್ನಾದರೂ ತೋರಿಸುವಾಗ ತೋರುಬೆರಳನ್ನು ಚಾಚದೆ ಬಲಗೈ ಹೆಬ್ಬೆರಳಿನಿಂದ ತೋರಿಸಬೇಕು. ಸಕ್ಕರೆ ಸುರಿದ, ಮಲ್ಲಿಗೆಯ ಘಮವಿರುವ ಚಹಾವನ್ನು ಮುಂದಿಟ್ಟ ಮೇಲೂ ಮನೆಯವರು 'ಮೊಂಗ್ಗೊ' ಎನ್ನುವವರೆಗೆ ಲೋಟವನ್ನು ಮುಟ್ಟಬಾರದು. ನೀವು ಕೊಂಡೊಯ್ದ ಏಲಕ್ಕಿಯ ಪೊಟ್ಟಣವನ್ನು ಅವರು ಬಿಚ್ಚಿಯೂ ನೋಡದೆ ಪಕ್ಕಕ್ಕಿಟ್ಟರೆ ಅದು ಅನಾದರವಲ್ಲ. ಕೊಟ್ಟವರೆದುರು ಉಡುಗೊರೆಯನ್ನು ತೆರೆಯಬಾರದೆಂಬುದು ಅಲ್ಲಿನ ಮರ್ಯಾದೆ. ತೋಟದ ಆ ತುದಿಯಿಂದ ಈ ತುದಿಗೆ ಕೂಗಿ ಅಭ್ಯಾಸವಾದ ನಮ್ಮ ಗಂಟಲನ್ನು ಮಾತ್ರ ಅಲ್ಲಿ ಬಹಳ ತಗ್ಗಿಸಬೇಕು. ಎದುರಿಗೆ 'ಇಲ್ಲ' ಎನ್ನುವುದು ಅವರಿಗೆ ಕಷ್ಟವಾದ್ದರಿಂದ, ನಿಮ್ಮ ಕೋರಿಕೆಗೆ 'ಇಂಗ್ಗಿಹ್' ಎಂಬ ಉತ್ತರ ಬಂದರೂ ಅದನ್ನು ಒಪ್ಪಿಗೆಯೆಂದು ಲೆಕ್ಕ ಹಿಡಿಯದೆ, ಮನೆಯ ಇನ್ನೊಬ್ಬರ ಮೂಲಕ ಮತ್ತೊಮ್ಮೆ ವಿಚಾರಿಸುವುದು ಒಳ್ಳೆಯದು.

ಭಾಷೆಯ ವಿಚಾರದಲ್ಲಿ ಇಂಡೋನೇಷ್ಯನ್ನಿನ ಇನ್ನೂರು ಮುನ್ನೂರು ಮಾತುಗಳನ್ನು ಕಲಿತು ಹೋಗಿ. ಮನೆಮಾತಾದ ಜಾವನೀಸಿನಲ್ಲಿ ಆತ್ಮೀಯರೊಂದಿಗೆ ಒಂದು ಸ್ತರ, ಹಿರಿಯರೊಂದಿಗೆ ಇನ್ನೊಂದು ಸ್ತರವಿದ್ದು, ಮಕ್ಕಳ ಬಾಯಿಂದ ಕೇಳಿ ಕಲಿತದ್ದನ್ನು ಅಜ್ಜನೆದುರು ಆಡಿದರೆ ಏಕವಚನ ಬಳಸಿದಂತಾಗುತ್ತದೆ. ನಡುವಯಸ್ಸಿನವರನ್ನು 'ಪಾಕ್', 'ಬು' ಎಂದೂ, ಯುವಕರನ್ನು 'ಮಾಸ್', ಯುವತಿಯರನ್ನು 'ಎಂಬಾಕ್' ಎಂದೂ ಕರೆದರೆ ಸಾಕು.

ಬಚ್ಚಲಿನಲ್ಲಿ ಸಿಮೆಂಟಿನ ತೊಟ್ಟಿಯೊಂದು ತುಂಬಿರುತ್ತದೆ. ಅದರೊಳಗೆ ಇಳಿಯಬಾರದು, ಸೋಪಿನ ಕೈಯನ್ನು ಅದ್ದಲೂಬಾರದು. ಚೆಂಬಿನಿಂದ ಮೊಗೆದು ಹೊರಗೆ ನಿಂತು ಹೊಯ್ದುಕೊಳ್ಳಬೇಕು. ಹಂಡೆಯ ಬಿಸಿನೀರನ್ನು ಮರೆತುಬಿಡಿ. ಹಾಗೆಂದು ನೀರು ಕಾಯಿಸುವ ಕಾಯಿಲನ್ನು ಚೀಲದಲ್ಲಿ ಒಯ್ಯಬೇಡಿ. ಬಡ ಮನೆಗಳ ವಿದ್ಯುತ್ ಸಂಪರ್ಕ 450 ಅಥವಾ 900 ವೋಲ್ಟ್–ಆಂಪಿಯರ್‌ಗಳಷ್ಟು ಮಾತ್ರವಿದ್ದು, ಅನ್ನದ ಕುಕ್ಕರ್ ಜೊತೆಗೆ ಇಸ್ತ್ರಿಪೆಟ್ಟಿಗೆ ಹಾಕಿದರೂ ಮೀಟರಿನ ಸ್ವಿಚ್ ಬಿದ್ದು ಕರೆಂಟು ಹೋಗಬಹುದು. ಈ ಮೀಟರ್‌ಗಳಲ್ಲಿ ಅನೇಕವು ಮುಂಗಡ ಹಣದವು. ಜಗಲಿಯ ಗೋಡೆಯಲ್ಲಿರುವ ಡಬ್ಬಿ ರಾತ್ರಿಯೆಲ್ಲ ಕೀಂಕೀಂ ಎನ್ನತೊಡಗಿದರೆ ಹಣ ಮುಗಿಯುತ್ತಿದೆ ಎಂದರ್ಥ. ಆಗ ಅಂಗಡಿಯಲ್ಲಿ ದುಡ್ಡು ಕೊಟ್ಟು ಇಪ್ಪತ್ತು ಅಂಕಿಗಳ ಸಂಖ್ಯೆಯನ್ನು ತಂದು ಒತ್ತಬೇಕು. ಉಳಿದುಕೊಂಡದ್ದಕ್ಕೆ ಹಣ ಕೊಡಹೋದರೆ ಬೇಡವೆನ್ನುವ ಮನೆಯವರೂ ಈ ಸಂಖ್ಯೆಯನ್ನು ನೀವು ತಂದುಕೊಟ್ಟರೆ ಸಂತೋಷದಿಂದ ಸ್ವೀಕರಿಸುತ್ತಾರೆ.

ಸಸ್ಯಾಹಾರಿಗಳು ಹಸಿದಿರಬೇಕಾಗಿಲ್ಲ, ಆದರೆ ಕೇಳಿ ತಿಳಿದು ತಿನ್ನಬೇಕು. ಬೇಯಿಸಿದ ಸೋಯಾ ಕಾಳಿಗೆ ಬೂಷ್ಟಿನ ಹೆಪ್ಪು ಹಾಕಿ, ಬಾಳೆಲೆಯಲ್ಲಿ ಕಟ್ಟಿಟ್ಟು, ಒಂದೆರಡು ದಿನಗಳಲ್ಲಿ ಬಿಳಿಯ ಗಟ್ಟಿಯಾಗಿ ಹೆಣೆದುಕೊಳ್ಳುವ 'ತೆಂಪೆ' ಬಡವರ ಬೇಳೆಯಿದ್ದಂತೆ. ಅದು ಎಲ್ಲ ಮನೆಗಳಲ್ಲಿಯೂ ಸಿಗುತ್ತದೆ. ಎಳೆ ಹಲಸಿನ ಗುಜ್ಜೆಯನ್ನು ತೆಂಗಿನ ಹಾಲು, ಬೆಲ್ಲ ಹಾಕಿ ಬೇಯಿಸಿದ 'ಗುಡೆಗ್', ಕಳಲೆ ಬೆರೆಸಿದ ಸಾರು, ಕಡಲೆಕಾಯಿ ಚಟ್ನಿ ಸುರಿದ ಸೊಪ್ಪು ಇವೆಲ್ಲ ನಮ್ಮ ನಾಲಿಗೆಗೆ ದೂರದವಲ್ಲ. ತೊಡಕಿರುವುದು 'ತೆರಾಸಿ' ಎಂಬ ಹುದುಗಿಸಿದ ಸಿಗಡಿಯ ಮುದ್ದೆಯಲ್ಲಿ; ನೋಡಲು ಬರಿಯ ಮೆಣಸಿನ ಚಟ್ನಿಯಂತಿರುವುದರಲ್ಲಿಯೂ ಅದು ಸೇರಿರುತ್ತದೆ. ಮಾಂಸ ತಿನ್ನುವುದಿಲ್ಲವೆಂದರೆ ಸಿಗಡಿ ಅವರ ಲೆಕ್ಕಕ್ಕೆ ಬಾರದಿರಬಹುದಾದ್ದರಿಂದ, 'ತನ್ಪಾ ತೆರಾಸಿ' ಎಂದು ಬಿಡಿಸಿ ಹೇಳಬೇಕು.

ಜನರ ಸ್ಥಿತಿಗತಿಯನ್ನು ತಿಳಿಯಬೇಕಾದರೆ ಗದ್ದೆಗೇ ಹೋಗಬೇಕು. ಹಸಿರಿನ ಮೆಟ್ಟಿಲುಗಳು ಕಣ್ಣು ತುಂಬುತ್ತವೆ, ನಿಜ. ಆದರೆ ಗದ್ದೆ ಯಾರದು, ಉಳುವವರಾರು, ಫಸಲನ್ನು ಕೊಂಡವರಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಆ ಹಸಿರು ಏನನ್ನೂ ಹೇಳುವುದಿಲ್ಲ. ಅರ್ಧ ಹೆಕ್ಟೇರಿಗಿಂತ ಕಡಿಮೆ ಭೂಮಿಯ ರೈತರೇ ಅಲ್ಲಿ ಹೆಚ್ಚು. ಭೂಮಿಯೇ ಇಲ್ಲದ ಕೂಲಿಕಾರರು ಅವರ ಪಕ್ಕದಲ್ಲಿಯೇ ಇದ್ದಾರೆ. ಗೇಣಿಗೆ ಮಾಡುವವರು ಫಸಲಿನ ಅರ್ಧ ಕೊಟ್ಟರೆ ಅದನ್ನು 'ಮರೊ' ಎನ್ನುತ್ತಾರೆ. ಮೂರು ಪಾಲು ಮಾಡಿ ಹಂಚುವ ಕ್ರಮಕ್ಕೆ 'ಮೆರ್ತೆಲು' ಎಂಬ ಹೆಸರಿದೆ. ಗೇಣಿ ಅಳೆಯುವ ಕೊಳಗದ ಗಾತ್ರಕ್ಕಾಗಿ ಕಾಗೋಡಿನಲ್ಲಿ 1951ರಲ್ಲಿ ಹೋರಾಟ ನಡೆದ ನಾಡಿನವರಿಗೆ ಈ ಪಾಲಿನ ಮಾತಿನ ಬಿಸಿ ತಕ್ಷಣ ತಟ್ಟುತ್ತದೆ. ನಮ್ಮಲ್ಲಿ 1974ರ ತಿದ್ದುಪಡಿಯ ಬಳಿಕ ಗೇಣಿದಾರರ ಕೈಗೆ ಭೂಮಿ ಬಂತು. ಇಂಡೋನೇಷ್ಯಾದಲ್ಲಿಯೂ 1960ರಲ್ಲಿ ಭೂಕಾಯಿದೆ ಬಂದಿತ್ತು. ಆದರೆ 1965–66ರಲ್ಲಿ ಎಡಪಕ್ಷದವರೆಂದು ಲಕ್ಷಾಂತರ ಜನರನ್ನು ಕೊಂದ ಮೇಲೆ ಅದರ ಜಾರಿ ನಿಂತುಹೋಯಿತು. ಆ ವರ್ಷಗಳ ಬಗ್ಗೆ ನೀವಾಗಿ ಎಂದೂ ಕೇಳಬೇಡಿ. ಕೊಂದವರ ಮತ್ತು ಸತ್ತವರ ಮೊಮ್ಮಕ್ಕಳು ಒಂದೇ ಕೇರಿಯಲ್ಲಿರಬಹುದು.

ಕೊಯ್ಲಿಗೆ ಕೆಲವು ದಿನವಿರುವಾಗ ಬದುವಿನ ಮೇಲೆ ಒಬ್ಬಾತ ನಡೆದು ಹೋಗುತ್ತ, ಅಲ್ಲಲ್ಲಿ ತೆನೆ ಕಿತ್ತು ಅಂಗೈಯಲ್ಲಿ ತಿಕ್ಕಿ ಕಾಳು ನೋಡುವುದನ್ನು ಕಂಡರೆ ಅಲ್ಲಿಯೇ ನಿಲ್ಲಿ. ಆತ ನಿಂತ ಪೈರನ್ನು ಹಾಗೆಯೇ ಕೊಳ್ಳುವ ವ್ಯಾಪಾರಿ. ನಾವು ಅಡಿಕೆಯನ್ನು ಚೇಣಿಗೆ ಕೊಡುವಂತೆಯೇ ಅವರು ಭತ್ತವನ್ನು ಕೊಡುತ್ತಾರೆ, ಅದಕ್ಕೆ 'ತೆಬಾಸನ್' ಎನ್ನುತ್ತಾರೆ. ಹಿಂದೆ ಹಳ್ಳಿಯ ಹೆಂಗಸರೆಲ್ಲ 'ಅನಿ–ಅನಿ' ಎಂಬ ಪುಟ್ಟ ಚೂರಿಯನ್ನು ಬೆರಳ ಸಂದಿಯಲ್ಲಿ ಹಿಡಿದು ಒಂದೊಂದೇ ತೆನೆ ಕೊಯ್ದು, ಕೊಯ್ದದ್ದರಲ್ಲಿ ಪಾಲು ಪಡೆಯುತ್ತಿದ್ದರು. 1970ರ ದಶಕದಲ್ಲಿ ಗಿಡ್ಡ ತಳಿಗಳೂ ಕುಡುಗೋಲೂ ಚೇಣಿಯ ವ್ಯಾಪಾರಿಯೂ ಒಟ್ಟೊಟ್ಟಿಗೆ ಬಂದ ಮೇಲೆ, ಆತ ತನ್ನದೇ ಸಣ್ಣ ತಂಡವನ್ನು ಕರೆತಂದು ಕೊಯ್ಯಿಸತೊಡಗಿದ. ಭೂಮಿಯಿಲ್ಲದ ಹೆಂಗಸರ ಮನೆಗೆ ಬರುತ್ತಿದ್ದ ಭತ್ತ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಅಂಥ ಮನೆಗಳ ಮಕ್ಕಳು ಇಂದು ಜಕಾರ್ತಾದ ಕಾರ್ಖಾನೆಗಳಲ್ಲಿದ್ದಾರೆ, ಹೆಣ್ಣುಮಕ್ಕಳು ಮನೆಗೆಲಸಕ್ಕೆಂದು ಹಾಂಗ್‌ಕಾಂಗ್, ತೈವಾನ್, ಮಲೇಷ್ಯಾಗಳಿಗೆ ಹೋಗಿದ್ದಾರೆ. ಕೇರಿಯಲ್ಲಿ ಥಳಥಳಿಸುವ ಟೈಲ್ಸ್ ಹಾಕಿದ ಹೊಸ ಮನೆಯೊಂದಿದ್ದು ಅದರಲ್ಲಿ ಮುದುಕರು, ಮಕ್ಕಳಷ್ಟೇ ಇದ್ದರೆ ಅದು ಹೀಗೆ ಬಂದ ಹಣವಿರಬಹುದು. ಇದನ್ನೆಲ್ಲ ತಿಳಿಯಲು ಆದಾಯವೆಷ್ಟೆಂದು ಕೇಳಬೇಡಿ. ಈ ವರ್ಷ ಎಷ್ಟು ಬೆಳೆ ತೆಗೆದಿರಿ, ನೀರಿನ ಸರದಿ ಯಾವಾಗ ಬರುತ್ತದೆ ಎಂದು ಕೇಳಿದರೆ ಮಾತು ತಾನೇ ಮುಂದೆ ಹೋಗುತ್ತದೆ.

ನೆರೆಹೊರೆಯ ಲೆಕ್ಕಗಳಲ್ಲಿ ನೀವೂ ಸೇರಬೇಕು. ರಾತ್ರಿ ಗಂಡಸರು ಸರದಿಯ ಮೇಲೆ ಕಾವಲು ಸುತ್ತುತ್ತಾರೆ. ಅನೇಕ ಹಳ್ಳಿಗಳಲ್ಲಿ ಮನೆಯ ಮುಂದೆ ತೂಗುಹಾಕಿದ ಡಬ್ಬಿಯಿಂದ ಒಂದು ಹಿಡಿ ಅಕ್ಕಿಯನ್ನೋ ಕೆಲವು ನಾಣ್ಯಗಳನ್ನೋ ತೆಗೆದುಕೊಂಡು ಮುಂದಕ್ಕೆ ಹೋಗುತ್ತಾರೆ. 'ಜಿಂಪಿತನ್' ಎಂಬ ಈ ಸಂಗ್ರಹದಿಂದ ದಾರಿಯ ದೀಪ, ಚರಂಡಿಯಂಥ ಕೇರಿಯ ಖರ್ಚುಗಳು ನಡೆಯುತ್ತವೆ. ಡಬ್ಬಿ ಖಾಲಿಯಿದ್ದರೆ ಮಾರನೆಯ ದಿನ ಯಾರೂ ಏನೂ ಅನ್ನುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ಒಂದು ರಾತ್ರಿಯಾದರೂ ಕಾವಲುಕಟ್ಟೆಯಲ್ಲಿ ಅವರೊಂದಿಗೆ ಕೂರಿ. ಅಲ್ಲಿ ತೂಗುವ ಟೊಳ್ಳು ಮರದ 'ಕೆಂತೊಂಗನ್' ಬಡಿಯುವ ಲಯ ಕಳ್ಳತನಕ್ಕೊಂದು, ಬೆಂಕಿಗೊಂದು, ಸಾವಿಗೊಂದು ಇರುತ್ತದೆ. ಅದನ್ನು ಮುಟ್ಟಿ ಆಡಬೇಡಿ.

'ಸ್ಲಾಮೆತನ್'ಗೆ ಕರೆ ಬಂದರೆ ತಪ್ಪಿಸಬೇಡಿ. ಬಸುರಿಗೆ ಏಳನೆಯ ತಿಂಗಳಾದಾಗ, ಸತ್ತವರ 3, 7, 40, 100 ಮತ್ತು 1000ನೆಯ ದಿನಗಳಲ್ಲಿ, ಹೊಸ ಮನೆಗೆ ಹೋಗುವಾಗ ಈ ಊಟ ನಡೆಯುತ್ತದೆ. ಗಂಡಸರು ಚಾಪೆಯ ಮೇಲೆ ಸುತ್ತ ಕೂರುತ್ತಾರೆ, ಮನೆಯ ಯಜಮಾನ ಅತಿ ವಿನಯದ ಜಾವನೀಸಿನಲ್ಲಿ ಉದ್ದೇಶವನ್ನು ಅರುಹುತ್ತಾನೆ, ಅರಬ್ಬಿಯಲ್ಲಿ ಪ್ರಾರ್ಥನೆಯಾಗುತ್ತದೆ. ನಡುವೆ ಗೋಪುರದಂತೆ ನಿಲ್ಲಿಸಿದ ಅನ್ನವಿರುತ್ತದೆ. ನಾಲ್ಕು ತುತ್ತು ತಿಂದು, ಉಳಿದದ್ದನ್ನು ಕಟ್ಟಿಸಿಕೊಂಡು ಎದ್ದುಬಿಡುವುದು ಕ್ರಮ. ಎರಡನೆಯ ಸಲ ಬಡಿಸುತ್ತಾರೆಂದು ಕಾದು ಕುಳಿತರೆ ನೀವೊಬ್ಬರೇ ಉಳಿಯುತ್ತೀರಿ. ಪ್ರವಾಸಿ ಹೆಂಗಸಾಗಿದ್ದರೆ ಹಿಂದಿನ ದಿನವೇ ಅಡುಗೆಮನೆಗೆ ಹೋಗಿ ತೆಂಗಿನಕಾಯಿ ತುರಿಯಲು ಕೂರುವುದು ಇನ್ನೂ ಒಳ್ಳೆಯದು. ಊರಿನ ನಿಜವಾದ ಸುದ್ದಿ ಸಿಗುವುದು ಅಲ್ಲಿಯೇ.

ಸಂತೆಯ ದಿನವನ್ನು ವಾರದ ಹೆಸರಿನಿಂದ ಲೆಕ್ಕ ಹಾಕಿದರೆ ತಪ್ಪುತ್ತದೆ. ಏಳು ದಿನಗಳ ವಾರದ ಜೊತೆಗೆ ಲೆಗಿ, ಪಾಹಿಂಗ್, ಪೊನ್, ವಗೆ, ಕ್ಲಿವೊನ್ ಎಂಬ ಐದು ದಿನಗಳ ಚಕ್ರವೂ ಅಲ್ಲಿ ತಿರುಗುತ್ತದೆ, ಹಳ್ಳಿಯ ಸಂತೆ ಅದನ್ನೇ ಅನುಸರಿಸುತ್ತದೆ. ಎರಡೂ ಕೂಡಿ 35 ದಿನಗಳಿಗೊಮ್ಮೆ ಅದೇ ಜೋಡಿ ಮರಳುತ್ತದೆ. ಶುಕ್ರವಾರ ಮತ್ತು ಕ್ಲಿವೊನ್ ಕೂಡಿದ ದಿನಕ್ಕೆ ವಿಶೇಷ ಮಹತ್ವವಿರುವುದರಿಂದ ಅದರ ಹಿಂದಿನ ರಾತ್ರಿ ಸಮಾಧಿಗಳ ಬಳಿ ಜನ ಕಂಡರೆ ಕ್ಯಾಮೆರಾ ಹಿಡಿದು ಹೋಗಬೇಡಿ. ಆಗಸ್ಟ್ 17ರ ಸ್ವಾತಂತ್ರ್ಯ ದಿನ ನೀವು ಅಲ್ಲಿದ್ದರೆ, ಎಣ್ಣೆ ಸವರಿದ ಅಡಿಕೆ ಮರದ ಕಂಬದ ತುದಿಯಲ್ಲಿ ಕಟ್ಟಿದ ಬಹುಮಾನಕ್ಕಾಗಿ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಹತ್ತುವ ಆಟವನ್ನು ನೋಡಬಹುದು. ನಮ್ಮ ಕೊನೆಗಾರರಿಗೆ ನಗು ಬಂದೀತು. ಕವಳ ಹಾಕುವ ಅಭ್ಯಾಸ ಮಾತ್ರ ಅಲ್ಲಿ ಅಜ್ಜಿಯರಲ್ಲಿಯೇ ಉಳಿದಿದೆ.

ಜ್ವರ ಬಂದರೆ ತಾಲ್ಲೂಕಿನ ಮಟ್ಟದ 'ಪುಸ್ಕೆಸ್‌ಮಾಸ್' ಎಂಬ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ತಡಮಾಡದೆ ಹೋಗಿ, ಡೆಂಗ್ಯೂ ಅಲ್ಲಿ ಸಾಮಾನ್ಯ.

ಹೊರಡುವ ಮುನ್ನಾದಿನ ಪಾಕ್ ಎರ್‌ತೇ ಅವರ ಮನೆಗೂ ಅಕ್ಕಪಕ್ಕದ ಮನೆಗಳಿಗೂ ಹೋಗಿ ಹೇಳಿ ಬರಬೇಕು. ಹೇಳದೆ ಹೋದವರನ್ನು ಜಗಳವಾಡಿ ಹೋದವರೆಂದು ತಿಳಿಯುತ್ತಾರೆ. ತೆಗೆದ ಫೋಟೋಗಳನ್ನು ಹತ್ತಿರದ ಪೇಟೆಯಲ್ಲಿಯೇ ಕಾಗದದ ಮೇಲೆ ಮುದ್ರಿಸಿ, ಅದರಲ್ಲಿರುವವರ ಕೈಗೇ ಕೊಟ್ಟುಬನ್ನಿ. ಊರಿಗೆ ಬಂದ ಮೇಲೆ ಕಳಿಸುತ್ತೇನೆಂದು ಮಾತು ಕೊಡಬೇಡಿ.